ಖಾಲಿ ಕೋಶ

ಶಿಡ್ಲಘಟ್ಟ. ಗೂಡಿನ ಮಾರುಕಟ್ಟೆಯ ಮಹಡಿ.
ಕೆಳಗೆ ಹರಾಜು ಮುಗಿದು ಜಾಲರಿ ಒದರುವ ಸದ್ದು.
ನಾನು ಕೈಪಿಡಿ ಬರೆಯುತ್ತಿದ್ದೇನೆ,
ಗೂಡನ್ನು ಮುಟ್ಟಿಯೇ ನೋಡದ ಓದುಗನಿಗೆ.

ಮೊದಲು ಹಾಳೆಯ ಹೆಸರು ಕೇಳು, ಆಮೇಲೆ ಸಾಲು.
ಇಡೀ ಪುಸ್ತಕ ಹೊತ್ತು ತರಬೇಡ,
ಬೇಕಾದ ಲಾಟು ಮಾತ್ರ ತಾ.
'ಮಿಶ್ರತಳಿ' ಹಾಳೆಯ ಹೆಸರಿನ ಕೊನೆಗೊಂದು ತೆರಪಿದೆ,
ಅಕ್ಬರ್ ಜಾನ್ ಸಾಹೇಬರ ಹೆಬ್ಬೆರಳಿನ ರೂಢಿ ಅದು;
ಬಿಟ್ಟರೆ ಅಂಥ ಹಾಳೆಯೇ ಇಲ್ಲವೆನ್ನುತ್ತದೆ ಯಂತ್ರ.

ಇಷ್ಟು ಬರೆದು ನಿಂತೆ.
ದರದ ಕಾಲಮ್ಮಿನಲ್ಲಿ ಅಲ್ಲಲ್ಲಿ ಖಾಲಿ ಕೋಶ.
ಹುಳುವಿನದೂ ಕೋಶ, ಹಾಳೆಯದೂ ಕೋಶ,
ನಮ್ಮ ಭಾಷೆಗೆ ಎರಡಕ್ಕೂ ಒಂದೇ ಮಾತು ಸಾಕಾಗಿದೆ.

ಲಾಟು ಇನ್ನೂರ ಹದಿನೇಳು, ಮುನಿನಂಜಮ್ಮ:
ತೂಕವಿದೆ, ತಳಿಯಿದೆ, ದರವಿಲ್ಲ.
ಕೂಗಿದ ಬೆಲೆಗೆ "ಕೊಡಲ್ಲ ಹೋಗ್ರಪ್ಪ" ಅಂದು
ಚೀಲ ಕಟ್ಟಿ
ರಾಮನಗರದ ಗಾಡಿ ಹತ್ತಿದಳು.
ಅದು ಸೊನ್ನೆಯಲ್ಲ.

ಸರಾಸರಿಗೆ ಸೇರಿಸಬೇಡ, ಎಂದು ಬರೆದೆ.
ಅಳಿಸಿದೆ. ಮತ್ತೆ ಬರೆದೆ:
ಖಾಲಿ ಸಿಕ್ಕರೆ ಖಾಲಿಯೆಂದೇ ಹೇಳು,
ಪಕ್ಕದ ಸಾಲಿನಿಂದ ಕಡ ತಂದು ತುಂಬಬೇಡ.

ಬೀದಿಯಾಚೆ ರೀಲಿಂಗ್ ಮನೆಯಲ್ಲಿ ಶಮೀಮಾ
ಕುದಿನೀರಿಗೆ ಕುಂಚವಿಳಿಸಿ ಎಳೆಯ ತುದಿ ಹುಡುಕುತ್ತಾಳೆ.
ಸಿಗದಿದ್ದರೆ ಇನ್ನೊಮ್ಮೆ.
ಮತ್ತೂ ಸಿಗದಿದ್ದರೆ ಆ ಗೂಡು ಬೇರೆ ಬುಟ್ಟಿಗೆ.
ಇಲ್ಲದ ಎಳೆಯನ್ನು ಅವಳೆಂದೂ ರಾಟೆಗೆ ಸುತ್ತಿದವಳಲ್ಲ.

ಇದನ್ನೂ ಉದಾಹರಣೆಗಳ ಕೆಳಗೆ ಸೇರಿಸಿದ್ದೇನೆ.
ಮೇಲಿನವರು ತೆಗೆದರೆ ತೆಗೆಯಲಿ.
ನಾಳೆ ಸಾಹೇಬರನ್ನು ಕೇಳಬೇಕು,
ಹೆಸರು ಮುಗಿದ ಮೇಲೂ ಆ ಒಂದು ತೆರಪು
ಯಾರಿಗೆಂದು ಬಿಡುತ್ತೀರಿ?