ಎರಡನೇ ಕೋಷ್ಟಕ

ಬಡ್ತಿಯ ಅರ್ಜಿಗೆ ಇವತ್ತೇ ಕೊನೆ. ಹದಿಮೂರನೇ ಕಲಂ:
ನಿಮ್ಮ ಎಚ್-ಸೂಚ್ಯಂಕ, ಅಂಕಿಯಲ್ಲಿ ಮತ್ತು ಅಕ್ಷರದಲ್ಲಿ.
ಶಿಡ್ಲಘಟ್ಟದ ಈ ಮಹಡಿ ಕೋಣೆಯಲ್ಲಿ,
ಕೆಳಗೆ ಸರ್ದಾರ್ ಸಾಬರ ಬಾಣಲೆಗಳು ಆರಿ
ಬೆಂದ ಹುಳುವಿನ ವಾಸನೆಯೊಂದೇ ಮೆಟ್ಟಿಲು ಹತ್ತುವ ಹೊತ್ತು,
ನನ್ನನ್ನು ನಾನು ಎಣಿಸುತ್ತಿದ್ದೇನೆ.

ಲೆಕ್ಕ ಸುಲಭ. ಬರೆದ ಪ್ರಬಂಧಗಳನ್ನೆಲ್ಲ
ಡ್ರಿಲ್ಲಿನ ಮಕ್ಕಳಂತೆ ಎತ್ತರದಿಂದ ಗಿಡ್ಡಕ್ಕೆ
ಸಾಲಾಗಿ ನಿಲ್ಲಿಸಬೇಕು.
ಎಷ್ಟು ಮಂದಿ ಉಲ್ಲೇಖಿಸಿದರೋ ಅಷ್ಟು ಎತ್ತರ.
ಒಂದು, ಎರಡು, ಮೂರು ಎನ್ನುತ್ತ ನಡೆದು
ಮಗುವಿನ ತಲೆ ನಿಮ್ಮ ಎಣಿಕೆಗಿಂತ ಕೆಳಗಿಳಿಯುವ ಮುನ್ನ
ನಿಂತುಬಿಡಬೇಕು.
ನಾನು ನಿಂತದ್ದು ಒಂಬತ್ತರಲ್ಲಿ.
ಹತ್ತನೆಯದಕ್ಕೆ ಒಂಬತ್ತೇ ಉಲ್ಲೇಖ.
ಹಿಮ್ಮಡಿ ಎತ್ತಿ ನಿಂತಿದೆ, ಪಾಪ.

ಎಲ್ಲಕ್ಕಿಂತ ಎತ್ತರ ಊಜಿ ನೊಣದ್ದು: ನೂರ ಹನ್ನೆರಡು.
ಅದರಲ್ಲಿ ಹದಿನಾಲ್ಕು, ನನ್ನ ಬೆನ್ನು ನಾನೇ ತಟ್ಟಿಕೊಂಡದ್ದು.
ಬ್ರೆಜಿಲಿನವರು ಅಂಗಡಿ ಎಂಬ ನನ್ನ ಅಡ್ಡಹೆಸರನ್ನು
ಅಗಂಡಿ ಮಾಡಿದ್ದಾರೆ; ಆ ಅಗಂಡಿ ಯಾರೋ,
ಎಲ್ಲಿದ್ದಾರೋ, ಅವರಿಗೊಂದು ಅಂಕ ಸಿಕ್ಕಿದೆ.
ಇನ್ನೊಬ್ಬ ನಾನು ಬರೆದದ್ದು ತಪ್ಪೆಂದು ಮೂರು ಪುಟ ವಾದಿಸಿದ್ದಾನೆ.
ಅದಕ್ಕೂ ಒಂದೇ. ಬೈದವನೂ ಹೊಗಳಿದವನೂ
ಈ ತಕ್ಕಡಿಯಲ್ಲಿ ಸಮತೂಕ.

ಗೂಡಿನ ಮಾರುಕಟ್ಟೆಯಲ್ಲಿ ಹೀಗಲ್ಲ.
ಸರ್ದಾರ್ ಸಾಬರು ರಾಶಿಯೊಳಗೆ ಮೊಣಕೈವರೆಗೆ ಕೈ ಇಳಿಸಿ
ತಳದಿಂದ ಒಂದು ಹಿಡಿ ತೆಗೆದು
ಕಿವಿಯ ಬಳಿ ಕುಲುಕಿ, ಹೆಬ್ಬೆರಳಲ್ಲಿ ಒತ್ತಿ,
ತೂತು ಬಿದ್ದದ್ದನ್ನು ಪಕ್ಕಕ್ಕೆ ಎಸೆದು
ಹೇಳುತ್ತಾರೆ, ಇಷ್ಟು ಕೆಜಿ ಗೂಡಿಗೆ ಒಂದು ಕೆಜಿ ನೂಲು.
ರೆಂಡಿಟ್ಟಾ. ಕಡಿಮೆ ಆದಷ್ಟೂ ಒಳ್ಳೆಯದು.
ನನ್ನ ಹದಿನೇಳು ವರ್ಷ ಕುದಿಸಿದರೆ ಎಷ್ಟು ನೂಲು, ಸಾಬರೇ,
ಎಂದು ಒಮ್ಮೆ ಕೇಳಿದ್ದೆ.
ನೆನೆಸಿ ನೋಡಬೇಕು ಮೇಡಂ, ಅಂದರು. ನಗಲಿಲ್ಲ.

ಹದಿನಾಲ್ಕನೇ ಕಲಂ: ಸಹಯೋಗಗಳು.
ರಾಷ್ಟ್ರೀಯ, ಅಂತರರಾಷ್ಟ್ರೀಯ. ಎರಡೇ ಚೌಕ.
ಊಜಿ ಪ್ರಬಂಧಕ್ಕೆ ನಾಲ್ಕು ಲೇಖಕರು:
ನಾನು, ಅಂಕಿಅಂಶದ ವರ್ಗೀಸ್,
ಸೂಕ್ಷ್ಮದರ್ಶಕ ಕೊಟ್ಟ ಕಾರಣಕ್ಕೆ ಒಬ್ಬರು,
ನಿರ್ದೇಶಕರಾಗಿದ್ದ ಕಾರಣಕ್ಕೆ ಒಬ್ಬರು.
ಮೇಲೂರಿನ ಪಿಳ್ಳವೆಂಕಟಮ್ಮ ಇಲ್ಲ.

ಆಗ ಹಾವೇರಿಯಿಂದ ಹೊಸದಾಗಿ ಬಂದಿದ್ದೆ. ತೆಲುಗು ಬಾರದು.
ಆಕೆಯ ಹುಳುಮನೆಯಲ್ಲಿ, ನಾಲ್ಕನೇ ಜ್ವರ ಎದ್ದ ಹುಳುಗಳ ತಟ್ಟೆಗಳ ನಡುವೆ
ನೋಟ್‌ಬುಕ್ ಹಿಡಿದು ಕೂತಿರುತ್ತಿದ್ದೆ.
ನೊಣ ಬಂದಾಗಲೆಲ್ಲ ಆಕೆ "ಈಗ!" ಎಂದು ಕೂಗುವಳು.
ನಾನು ಗಡಿಯಾರ ನೋಡಿ ಬರೆದುಕೊಳ್ಳುವೆ.
ಎಂಟೂವರೆ. ಈಗ!
ಒಂಬತ್ತೂಕಾಲು. ಈಗ! ಈಗ!
ಎಂಥ ಶಿಸ್ತಿನ ಹೆಂಗಸು ಅಂದುಕೊಂಡೆ,
ಒಂದು ಕ್ಷಣವೂ ತಪ್ಪದೆ ಹೇಳುತ್ತಾಳಲ್ಲ.
ಹನ್ನೊಂದು ದಿನ. ಆರುನೂರು ಚಿಲ್ಲರೆ ಈಗಗಳು.
ಕೊನೆಗೆ ನಮ್ಮ ಜವಾನ ನಾರೆಪ್ಪ ಹೊಟ್ಟೆ ಹಿಡಿದು ನಕ್ಕ:
ಅವರ ಮಾತಲ್ಲಿ ಈಗ ಅಂದರೆ ನೊಣ, ಮೇಡಂ!

ಆಕೆ ಹೊತ್ತು ಹೇಳುತ್ತಿರಲಿಲ್ಲ.
ಎದ್ದು ಓಡಿಸು ಅನ್ನುತ್ತಿದ್ದಳು, ಹನ್ನೊಂದು ದಿನ.

ಆ ಹೊತ್ತುಗಳೇ ಎರಡನೇ ಕೋಷ್ಟಕ.
ಎಲ್ಲರೂ ಉಲ್ಲೇಖಿಸುವುದು ಅದನ್ನೇ,
ಬೈದವನು ಕೂಡ.
ಎಲ್ಲೋ ಮುರ್ಷಿದಾಬಾದಿನಲ್ಲಿ ಯಾರೋ
ಅದನ್ನು ನೋಡಿ ಬಾಗಿಲ ಬಲೆ ಇಳಿಸುತ್ತಾರೆ;
ಕೂಗು ಅಲ್ಲಿಗೆ ಕೇಳಿಸುವುದಿಲ್ಲ.
ವಿಧಾನ ಎಂಬ ತಲೆಬರಹದಡಿ ನಾನು ಬರೆದದ್ದು
ಎರಡೇ ಪದ: ನೇರ ವೀಕ್ಷಣೆ.

ಹತ್ತೂವರೆಗೆ ಫೋನ್ ಮಾಡಿದೆ. ಬೈಯುತ್ತಲೇ ಎತ್ತಿದಳು.
ನನ್ನ ಹರಕು ತೆಲುಗಿನಲ್ಲಿ ಹೇಳಿದೆ, ನಮ್ಮ ನೊಣದ ಲೆಕ್ಕ
ದೇಶ ದೇಶ ತಿರುಗಿದೆ, ಎಲ್ಲ ಕೂಡಿ ನನಗೆ ಒಂಬತ್ತು ಬಂದಿದೆ.
"ತೊಮ್ಮಿದಾ? ಕೇಜಿಕಾ?"
ಕೆಜಿಗಲ್ಲ. ಸುಮ್ಮನೆ ಒಂಬತ್ತು.
ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ.
ಆಮೇಲೆ ಕನ್ನಡದಲ್ಲಿ, ನನಗೋಸ್ಕರ, ದನಿ ತಗ್ಗಿಸಿ:
"ಹುಳ ಮೂರನೇ ಜ್ವರದಾಗವೆ. ಮಲ್ಕೋ ಹೋಗಮ್ಮ."

ಒಂಬತ್ತು ತುಂಬಿದೆ, ಅಂಕಿಯಲ್ಲೂ ಅಕ್ಷರದಲ್ಲೂ,
ಚೆಕ್ಕು ಬರೆದ ಹಾಗೆ, ಮುಂದೆ ಗೆರೆ ಎಳೆದು.
ಹದಿನಾಲ್ಕು ಇನ್ನೂ ಖಾಲಿ.