ಹೆಬ್ಬೆರಳು

ಹೊಳಲ್ಕೆರೆ ರಸ್ತೆಯಲ್ಲಿ ಲಾರಿ ಬಿಡಿಭಾಗದ ಅಂಗಡಿ.
ಮಾಲೀಕರು ಪಾಲಯ್ಯ. ಲೆಕ್ಕ ಬರೆಯುವವಳು ನಾನು, ಜಬೀನಾ.

ಅವರ ವೆಬ್‌ಸೈಟಿಗೆ ಈಗ ಹನ್ನೆರಡು ವರ್ಷ.
ದಿನಾ ಬೆಳಿಗ್ಗೆ ಗಲ್ಲಾಪೆಟ್ಟಿಗೆಗೆ ಬೆಳಗಿದ ಊದುಬತ್ತಿಯನ್ನೇ
ಕಂಪ್ಯೂಟರಿಗೂ ಒಂದು ಸುತ್ತು ತಿರುಗಿಸಿ
ತೆರೆದು ನೋಡುತ್ತಾರೆ.
ಎಡಕ್ಕೆ ಕೋಟೆ, ಬಲಕ್ಕೆ ಅವರು,
ನಡುವೆ ಓಡುತ್ತಲೇ ಇರುವ ಸುಸ್ವಾಗತ,
ಎಲ್ಲಕ್ಕೂ ಕೆಳಗೆ, ಮೂಲೆಯಲ್ಲಿ,
ಸಾಸಿವೆಯಷ್ಟು ಫೋನ್ ನಂಬರು.
‘ಎಷ್ಟು ಅಗಲ ಐತೆ ನೋಡವ್ವ,
ಕಣ ಇದ್ದಂಗೆ!’

ಆ ಕಣಕ್ಕೆ ಒಂದು ರಾತ್ರಿ ಒಬ್ಬ ಬಂದಿದ್ದ.
ರಾಣೆಬೆನ್ನೂರಿನ ದ್ಯಾಮಣ್ಣ, ಹದಿನೆಂಟು ಟನ್ ಮೆಕ್ಕೆಜೋಳ.
ಐಮಂಗಲ ಇನ್ನೂ ಸಿಕ್ಕಿರಲಿಲ್ಲ, ಕ್ಲಚ್ಚು ಸುಟ್ಟ ವಾಸನೆ.
ಗುಡ್ಡದ ಮೇಲೆ ಗಾಳಿಯಂತ್ರಗಳ ಕೆಂಪು ದೀಪ
ಒಟ್ಟಿಗೆ ಕಣ್ಣು ಬಿಟ್ಟು, ಒಟ್ಟಿಗೆ ಮುಚ್ಚಿ.
ಬಾಯಲ್ಲಿ ಟಾರ್ಚು, ಒಂದು ಕೈಯಲ್ಲಿ ಪಾನಾ,
ಇನ್ನೊಂದರಲ್ಲಿ ಗಾಜು ಸೀಳಿದ ಫೋನು.
ಬೇಕಾದ್ದು ಹತ್ತು ಅಂಕಿ, ಅಷ್ಟೇ.

ಪರದೆ ತುಂಬ ಕೋಟೆಯ ಒಂದು ಕಲ್ಲು ಬಂತು.
ಎಳೆದ. ಇನ್ನೊಂದು ಕಲ್ಲು.
ಹಿಗ್ಗಿಸಿದ. ಮಾಲೀಕರ ಮೀಸೆ.
ಮೀಸೆಯಿಂದ ಇಳಿಯಲು ಹೋಗಿ
ಸುಸ್ವಾಗತದ ಮೇಲೆ ಜಾರಿ
ಮತ್ತೆ ಕಲ್ಲು.

ಹಿರಿಯೂರಿನ ಅಂಗಡಿಯದು ಪಟ್ಟನೆ ತೆರೆಯಿತಂತೆ.
ಅಂಗೈಗೆ ಅಂಗೈಯಷ್ಟೇ ಪುಟ, ನಟ್ಟನಡುವೆ ಹಸಿರು ಗುಂಡಿ,
ಗ್ರೀಸು ಮೆತ್ತಿದ ಹೆಬ್ಬೆರಳು ತಪ್ಪಿ ಬಿದ್ದರೂ
ಅದರ ಮೇಲೇ ಬೀಳುವಷ್ಟು ದೊಡ್ಡದು.

ವಾಪಸು ಬರುವಾಗ ಒಂದು ವೈಪರ್ ಬ್ಲೇಡಿಗೆಂದು ನಮ್ಮಲ್ಲಿ ಇಳಿದ.
ಪಾಲಯ್ಯನವರನ್ನು ನೋಡಿ ನಿಂತೇಬಿಟ್ಟ:
‘ಎಲ್ಲೋ ಕಂಡೀನಲ್ರೀ ಈ ಮೀಸೀನ!’

ಅವನು ನಗುತ್ತ ಹೇಳಿ ಹೋದ.
ನನಗೆ ಅದೇ ಗುಂಗು.
ಆ ಬೆಟ್ಟದ ಮೇಲೆ ಕಲ್ಲು ಜೋಡಿಸಿದವರು
ಬಾಗಿಲನ್ನು ನೇರಕ್ಕೆ ಇಡಲಿಲ್ಲ,
ಆನೆಗೆ ಓಡಿಬಂದು ಗುದ್ದುವ ಜಾಗ ಸಿಗದಂತೆ
ತಿರುಗಿಸಿ ತಿರುಗಿಸಿ ಇಟ್ಟರು.
ಯಾರು ಒಳಗೆ ಬರಬಾರದೆಂದು ಅವರಿಗೆ ಗೊತ್ತಿತ್ತು.
ನಾವು ಮಾರಲು ಕೂತವರು.
ನಮ್ಮ ಹೊಸ್ತಿಲಿಗೇಕೆ ಏಳು ಸುತ್ತು?

ಹೇಳಿದೆ. ಅವರು ಮಾತಾಡಲಿಲ್ಲ.
ನನ್ನ ಫೋನು ಇಸಕೊಂಡು ಬಿಸಿಲಿಗೆ ಹೋಗಿ ನಿಂತರು.
ಕನ್ನಡಕ ಹಣೆಗೇರಿಸಿ, ಇಳಿಸಿ, ಮತ್ತೆ ಏರಿಸಿ
ತಮ್ಮ ನಂಬರು ತಾವೇ ಹುಡುಕಿದರು.
ಒಳಗೆ ಅವರ ಚಾ ಆರಿ ಕೆನೆ ಕಟ್ಟಿತು.

‘ಹೊಸಾದು ಮಾಡಿಸವ್ವ. ನನ್ನ ಫೋಟೋ ತೆಗಿ.’
ಸ್ವಲ್ಪ ಹೊತ್ತು ಬಿಟ್ಟು,
‘ಕೋಟೆ ಇರ್ಲಿ. ಸಣ್ಣಕೆ.’

ಮಾಡಿದ್ದಾಯಿತು. ನಿನ್ನೆ ಮಧ್ಯಾಹ್ನ
ಡಬ್ಬಿಯ ಗ್ರೀಸಿಗೆ ಬೇಕೆಂದೇ ಹೆಬ್ಬೆರಳು ಅದ್ದಿ
ನನ್ನ ಫೋನು ಹಿಡಿದು ಮತ್ತೆ ಹೊರಗೆ ಹೋದರು.
ಗಲ್ಲಾದ ಮೇಲಿನ ಫೋನು ರಿಂಗಾಯಿತು.
ಎತ್ತಿದೆ.
ಮೆಟ್ಟಿಲಿನಿಂದಲೂ ಕಿವಿಯಿಂದಲೂ ಒಂದೇ ದನಿ:
‘ಹಲೋ, ಕ್ಲಚ್ ಪ್ಲೇಟ್ ಐತೇನ್ರೀ?’

‘ಐತೆ ಬರ್ರಿ’ ಅಂದೆ.