ಒಂದು ಅಕ್ಷರ ಹೆಚ್ಚು

ಕಾನ್‌ಸ್ಟಾಂಟ್ಸಾ ಸ್ಟೇಷನ್ನಿನಲ್ಲಿ
ಜನ ಸಾಮಾನು ಇಟ್ಟು ಹೋಗುವ ಕೋಣೆ ನನ್ನದು.
ನನ್ನದು ಅಂದರೆ, ರಾತ್ರಿ ಹತ್ತರಿಂದ ಬೆಳಗಿನ ಆರರವರೆಗೆ.
ಬೇಸಿಗೆಯಲ್ಲಿ ಛತ್ರಿ, ಗಾಳಿ ತುಂಬಿದ ಬಾತುಕೋಳಿ,
ಮರಳು ಸುರಿಸುವ ಚೀಲ.
ಜನವರಿಯಲ್ಲಿ ಏನೂ ಇಲ್ಲ:
ಕಪ್ಪು ಸಮುದ್ರದಿಂದ ಏಳುವ ಗಾಳಿ,
ಕಿಟಕಿಯಾಚೆ ಮೂರನೇ ಪ್ಲಾಟ್‌ಫಾರ್ಮು,
ಮತ್ತೆ ಈ ರಸೀದಿ ಪುಸ್ತಕ.

ರಸೀದಿಯ ಬೆನ್ನು ಖಾಲಿ, ಅಂಗೈಯಷ್ಟು ಅಗಲ.
ಐದು, ಏಳು, ಐದು. ಅದಕ್ಕಿಂತ ದೊಡ್ಡದು ಅಲ್ಲಿ ಹಿಡಿಸುವುದಿಲ್ಲ.
ಬೆರಳು ಮಡಚಿ ಎಣಿಸುತ್ತೇನೆ,
ಅಮ್ಮ ಮೊಟ್ಟೆ ಎಣಿಸುತ್ತಿದ್ದ ಹಾಗೆ, ತುಟಿ ಅಲ್ಲಾಡಿಸುತ್ತ.

        ಬೆಂಚಿನ ಮೇಲೆ
        ನಿದ್ದೆ ಹೋದ ಸಿಪಾಯಿ
        ಬೂಟು ಎಚ್ಚರ

ಇದನ್ನು ಚಹಾ ಗೂಡಿನ ನೆರ್ಮಿನ್‌ಗೆ ತೋರಿಸಿದೆ.
ಓದಿ, ಸಕ್ಕರೆಯ ಎರಡು ತುಂಡು ಹಾಕಿದಳು. ಅಂದರೆ ಪಾಸು.
ಒಂದೇ ತುಂಡು ಬಿದ್ದ ದಿನ ನಾನು ಏನೂ ಕೇಳುವುದಿಲ್ಲ.
"ಆದರೂ ಸ್ಮರಾಂಡಾ," ಅಂದಳು,
"ಕೇಳದೆ ತಗೊಂಡದ್ದಕ್ಕೆ ನಮ್ಮ ಓಣಿಯಲ್ಲಿ ಬೇರೆ ಹೆಸರಿದೆ."
ನಕ್ಕೆ. ತಗೊಂಡದ್ದೇನು?
ಸಿಪಾಯಿಯ ಬೂಟು ಸಿಪಾಯಿಯ ಕಾಲಲ್ಲೇ ಇತ್ತಲ್ಲ.

ನಾಲ್ಕೂ ಹತ್ತರ ರೈಲು.
ಇಳಿದವನು ಒಬ್ಬ: ಬಿಳಿ ಗಡ್ಡ, ಹೆಗಲ ಮೇಲೆ ಪೆಟ್ಟಿಗೆ.
ಹತ್ತಿದವಳು ಒಬ್ಬಳು.
ಮೆಟ್ಟಿಲ ಬಳಿ ಪೆಟ್ಟಿಗೆ ಇಳಿಸಿ, ಬಲಗೈಯ ಗವಸು ಕಳಚಿ
ಅವಳ ಕೈಗೆ ತಾನೇ ತೊಡಿಸಿದ, ಬೆರಳು ಬೆರಳಾಗಿ.
ಬಾಗಿಲು ಮುಚ್ಚಿತು.
ನನ್ನ ಗಂಟಲಲ್ಲಿ ಏನೋ ಸಿಕ್ಕಿಕೊಂಡಿತು. ಬರೆದೆ:

        ಕೈಗವಸೊಂದು
        ಹೆಂಡತಿಯ ಜೊತೆಗೆ
        ರೈಲು ಹತ್ತಿತು

ನಲವತ್ತು ವರ್ಷದ ಸಂಸಾರ ಎಂದು ಲೆಕ್ಕ ಹಾಕಿದೆ.
ಅವಳು ಮಗಳ ಮನೆಗೆ ಹೊರಟಿದ್ದಾಳೆ,
ಜಗಳವಾಡಿ ಹೊರಟಿದ್ದಾಳೆ, ತಿರುಗಿ ಬರಲಿಕ್ಕಿಲ್ಲ.
ಹದಿನೇಳು ಅಕ್ಷರದ ಹಿಂದೆ ಇಷ್ಟೆಲ್ಲ ಅಡಗಿಸಿಟ್ಟೆನಲ್ಲ ಎಂದು ಹಿಗ್ಗಿದೆ.
ಆ ಹಿಗ್ಗಿನಲ್ಲೇ, ಕೌಂಟರಿಗೆ ಬಂದು ಪೆಟ್ಟಿಗೆ ಇಟ್ಟವನಿಗೆ
ಅದೇ ಚೀಟಿ ಹರಿದು ಕೊಟ್ಟೆ.

ಪೆಟ್ಟಿಗೆಯಲ್ಲಿ ಹೊಗೆಗಿಟ್ಟ ಮೀನು.
ಮೂರು ದಿನದಲ್ಲಿ ಯಾರ್ಯಾರದೋ ಸೂಟ್‌ಕೇಸಿಗೆಲ್ಲ
ಡ್ಯಾನ್ಯೂಬ್ ಮುಖಜದ ವಾಸನೆ ಹತ್ತಿತು.
ನಾಲ್ಕನೆಯ ರಾತ್ರಿ ಬಂದ. ಚೀಟಿಯನ್ನು ಬೋರಲು ಇಟ್ಟ.
"ಸಿಡೋರ್ ನನ್ನ ಹೆಸರು. ಇದರಲ್ಲೊಂದು ತಪ್ಪಿದೆ."
ಬೆರಳು ನಡುವಿನ ಸಾಲಿನ ಮೇಲೆ.
"ನನಗೆ ಹೆಂಡತಿಯೇ ಇಲ್ಲ, ತಾಯಿ. ಅವಳು ಯಾರೋ.
ಒಂದು ಕೈ ಕೋಟಿನ ಜೇಬಲ್ಲಿತ್ತು,
ಇನ್ನೊಂದು ಸಾಮಾನು ಹಿಡಿದು ನೀಲಿಗಟ್ಟಿತ್ತು.
ನನ್ನದೂ ಒಂದು ಕೈ ಜೇಬಿಗೆ ಹೋಗುತ್ತದೆ.
ಇಬ್ಬರಿಗೆ ಒಂದು ಜೊತೆ ಸಾಕು."

ಪೆನ್ನು ತೆಗೆದೆ. ಹೆಂಡತಿಗೆ ಕಾಟು ಹಾಕಿದೆ.
ಯಾರೋ ಒಬ್ಬಳ ಜೊತೆಗೆ.
ಬೆರಳು ಮಡಚಿದೆ. ಎಂಟು.
ಇನ್ನೊಮ್ಮೆ. ಎಂಟೇ.
"ಒಂದು ಅಕ್ಷರ ಹೆಚ್ಚಾಯಿತು," ಅಂದೆ.
ನನ್ನ ದನಿಯಲ್ಲಿ ದೂರು ಇತ್ತು, ಅವನೇ ಹೆಚ್ಚಿಸಿದ ಹಾಗೆ.
ಅವನು ಪೆಟ್ಟಿಗೆಯನ್ನು ಹೆಗಲಿಗೇರಿಸುತ್ತಿದ್ದ.
"ತೂಕ ಹೆಚ್ಚಾದರೆ ಏನು ಮಾಡ್ತೀರಿ ಇಲ್ಲಿ?"
"ಎರಡು ಲೇಯ್ ಜಾಸ್ತಿ ತಗೋತೇವೆ."
ನಾಲ್ಕು ನಾಣ್ಯ ಎಣಿಸಿಟ್ಟು ಹೊರಟ,
ಬರಿಗೈಯನ್ನು ಜೇಬಿಗೆ ತೂರಿಸಿ.

ಬೆಳಿಗ್ಗೆ ನೆರ್ಮಿನ್ ಚೀಟಿ ಓದಿದಳು,
ಕಾಟು ಸಮೇತ, ಎರಡು ಸಲ.
ಸಕ್ಕರೆ ಡಬ್ಬಿಯನ್ನೇ ನನ್ನ ಕಡೆ ತಳ್ಳಿದಳು:
ನೀನೇ ಹಾಕಿಕೋ.